ಊರ ಹೆಸರೂ ವೇಗದ ದಂಡವೂ

ದೂರದೇಶದ ಪ್ರವಾಸ ಮುಗಿಸಿ ಬಂದವನಿಗೆ ಆ ದೇಶದಿಂದ ಬರುವ ಕೊನೆಯ ಓಲೆ ಯಾವುದು? ಹಿಂದಿನ ತಲೆಮಾರಿನವರನ್ನು ಕೇಳಿದ್ದರೆ, ಅಲ್ಲಿ ಪರಿಚಯವಾದ ಮಿತ್ರನ ಕಾಗದ ಎನ್ನುತ್ತಿದ್ದರು. ಇಲ್ಲವೆ ತಾವೇ ತಮ್ಮ ಮನೆಗೆ ಹಾಕಿ, ತಾವು ಬಂದ ಮೇಲೆ ಸಾವಕಾಶವಾಗಿ ಬಂದು ಸೇರಿದ ಚಿತ್ರದ ಕಾರ್ಡು ಎನ್ನುತ್ತಿದ್ದರು. ಈಗಿನವರ ಅನುಭವ ಬೇರೆ. ತೆಗೆದ ಚಿತ್ರಗಳನ್ನೆಲ್ಲ ನೆಂಟರಿಷ್ಟರಿಗೆ ತೋರಿಸಿ ಮುಗಿದು, ಪ್ರವಾಸಕ್ಕೆಂದು ಮಾಡಿದ ಸಾಲದ ಕಂತೂ ಅರ್ಧ ತೀರಿ, ಹೋಗಿ ಬಂದುದೇ ಕನಸೋ ಎಂಬಂತೆ ಆಗಿರುವ ಹೊತ್ತಿಗೆ ಅಂಚೆಯವನು ಬಾಗಿಲಲ್ಲಿ ನಿಂತು, ರುಜು ಹಾಕಿಸಿಕೊಂಡು, ಒಂದು ಲಕೋಟೆಯನ್ನು ಕೊಟ್ಟು ಹೋಗುತ್ತಾನೆ. ಒಡೆದು ನೋಡಿದರೆ, ಇಂಥ ದಿನ, ಇಂಥ ಗಂಟೆ ಇಂಥ ನಿಮಿಷದಲ್ಲಿ, ಇಂಥ ರಸ್ತೆಯ ಇಷ್ಟನೆಯ ಮೈಲಿಗಲ್ಲಿನ ಬಳಿ ನೀವು ಇಷ್ಟು ವೇಗದಲ್ಲಿ ಕಾರು ಓಡಿಸಿದಿರಿ. ಅಲ್ಲಿ ಅನುಮತಿಯಿದ್ದುದು ಇಷ್ಟು. ಆದುದರಿಂದ ಇಷ್ಟು ದಂಡ ಎಂಬ ಒಕ್ಕಣೆ. ನಾವು ಮರೆತುಬಿಟ್ಟ ಒಂದು ಕ್ಷಣವನ್ನು ಆ ದೇಶ ಮರೆತಿರುವುದಿಲ್ಲ.

ಇಂಥ ಲಕೋಟೆಯೊಂದನ್ನು 2024ರ ಫೆಬ್ರುವರಿಯಲ್ಲಿ ನನ್ನ ಸೋದರಳಿಯ ತಂದು ನನ್ನ ಮೇಜಿನ ಮೇಲೆ ಇಟ್ಟ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಅವನೂ ಅವನ ಹೆಂಡತಿಯೂ ಇಟಲಿಗೆ ಹೋಗಿ, ಫ್ಲಾರೆನ್ಸಿನಲ್ಲಿ ಒಂದು ಕಾರನ್ನು ಬಾಡಿಗೆಗೆ ಹಿಡಿದು, ಟಸ್ಕನಿಯ ಗುಡ್ಡಗಾಡಿನಲ್ಲಿ ಐದು ದಿನ ಸುತ್ತಾಡಿ ಬಂದಿದ್ದರು. “ಮಾವ, ನೀವು ಭಾಷೆ ಪಾಠ ಹೇಳೋರು. ಇದರಲ್ಲಿ ಏನಿದೆ, ಕಟ್ಟಬೇಕೋ ಬೇಡವೋ, ಸ್ವಲ್ಪ ಓದಿ ಹೇಳಿ” ಎಂದ. ಕನ್ನಡದ ಮೇಷ್ಟ್ರಿಗೆ ಇಟಾಲಿಯನ್ನೂ ಬಂದೀತೆಂಬ ಅವನ ವಿಶ್ವಾಸ ದೊಡ್ಡದು. ಪುಣ್ಯಕ್ಕೆ ಇಟಾಲಿಯನ್ ಹಾಳೆಗಳ ಹಿಂದೆ ಇಂಗ್ಲಿಷಿನದೂ ಒಂದಿತ್ತು. ಸಿಯೆನಾ ಪಟ್ಟಣದ ದಕ್ಷಿಣಕ್ಕೆ ಒಂದು ಹಳ್ಳಿಯಲ್ಲಿ ಅವನ ಕಾರು ಗಂಟೆಗೆ 68 ಕಿಲೋಮೀಟರು ವೇಗದಲ್ಲಿ ಹೋಗಿತ್ತು. ಅಲ್ಲಿನ ಮಿತಿ 50. ಅಳೆಯುವ ಯಂತ್ರದಲ್ಲಿ ಇರಬಹುದಾದ ದೋಷಕ್ಕೆಂದು ಆ ದೇಶದ ಕಾನೂನು 5 ಕಿಲೋಮೀಟರನ್ನು ಚಾಲಕನಿಗೆ ಬಿಟ್ಟುಕೊಡುತ್ತದೆ. ಉಳಿದುದು 63. ಮಿತಿಯನ್ನು 10 ಕಿಲೋಮೀಟರಿಗಿಂತ ಹೆಚ್ಚು ಮೀರಿದುದಾಗಿ ಎಣಿಸಿ ಹಾಕಿದ ದಂಡ 173 ಯೂರೋ; ನಮ್ಮ ಹಣದಲ್ಲಿ ಆಗ ಹದಿನೈದು ಸಾವಿರ ರೂಪಾಯಿಗಿಂತ ಹೆಚ್ಚು. ಅವನು 65ರಲ್ಲಿ ಹೋಗಿದ್ದರೆ 42 ಯೂರೋಗೆ ಮುಗಿಯುತ್ತಿತ್ತು. ಮೂರು ಕಿಲೋಮೀಟರಿನ ಬೆಲೆ 131 ಯೂರೋ ಆಯಿತು.

ಅವನ ಸಿಟ್ಟು ಮಾತ್ರ ಹಣದ ಮೇಲಿರಲಿಲ್ಲ. “ಅಲ್ಲಿ ಐವತ್ತು ಅಂತ ಒಂದು ಬೋರ್ಡೂ ಇರಲಿಲ್ಲ ಮಾವ. ಆಣೆ ಮಾಡಿ ಹೇಳ್ತೀನಿ. ಊರಿನ ಹೆಸರಿನ ಬೋರ್ಡು ಇತ್ತು, ಅಷ್ಟೆ. ಚೆನ್ನಾಗಿದೆ ಅಂತ ಇವಳು ಅದರ ಫೋಟೋನೂ ತೆಗೆದಿದಾಳೆ, ನೋಡಿ.”

ನೋಡಿದೆ. ಬಿಳಿಯ ಹಲಗೆ, ಅದರ ಮೇಲೆ ಕಪ್ಪು ಅಕ್ಷರಗಳಲ್ಲಿ ಹಳ್ಳಿಯ ಹೆಸರು. ಹಿಂದೆ ಎರಡು ಸೈಪ್ರೆಸ್ ಮರಗಳು, ಒಂದು ಕಲ್ಲಿನ ಮನೆ. ಅವನು ಹೇಳಿದುದು ನಿಜ, ಎಲ್ಲಿಯೂ ಅಂಕೆಯಿರಲಿಲ್ಲ. ಆದರೆ ಅಪ್ಪಣೆಯಿತ್ತು. ಆ ಹೆಸರೇ ಅಪ್ಪಣೆ.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿದೇಶದಲ್ಲಿ ಕಾರು ನಡೆಸಿ ದಂಡ ತೆತ್ತ ಅನೇಕರ ಕಥೆ ಇಲ್ಲಿಂದಲೇ ಮೊದಲಾಗುತ್ತದೆ. ಇಟಲಿ, ಫ್ರಾನ್ಸ್, ಜರ್ಮನಿ ಮೊದಲಾದ ಯೂರೋಪಿನ ದೇಶಗಳಲ್ಲಿ ಊರ ಬಾಯಲ್ಲಿ ನಿಲ್ಲಿಸಿರುವ ಹೆಸರಿನ ಹಲಗೆ ಬರಿಯ ಹೆಸರು ತಿಳಿಸುವುದಕ್ಕಾಗಿ ಇರುವುದಲ್ಲ. ಇಲ್ಲಿಂದ ಜನವಸತಿ ಆರಂಭ, ಆದುದರಿಂದ ಬೇರೆ ಹಲಗೆ ಇಲ್ಲದಿದ್ದರೆ 50 ಕಿಲೋಮೀಟರೇ ಮಿತಿ ಎಂದು ಅದರ ಕಾನೂನಿನ ಅರ್ಥ. ಫ್ರಾನ್ಸಿನಲ್ಲಿ ಆ ಹಲಗೆಗೆ ಕೆಂಪು ಅಂಚು, ಜರ್ಮನಿಯಲ್ಲಿ ಹಳದಿ ಬಣ್ಣ. ಊರು ಮುಗಿದೆಡೆ ಅದೇ ಹೆಸರಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದ ಇನ್ನೊಂದು ಹಲಗೆ ನಿಂತಿರುತ್ತದೆ; ಅದನ್ನು ದಾಟಿದ ಮೇಲೆ ಮತ್ತೆ ಹೊರ ರಸ್ತೆಯ ಮಿತಿ. ಅಲ್ಲಿಯ ಮಕ್ಕಳಿಗೆ ಇದು ಕಾಗುಣಿತದಷ್ಟು ಸಹಜವಾದ ವಿದ್ಯೆ. ಹೊರಗಿನಿಂದ ಹೋದವನು ಹೆಸರನ್ನು ಹೆಸರೆಂದೇ ಓದುತ್ತಾನೆ, ಉಚ್ಚಾರಣೆ ಹೇಗೆಂದು ಹೆಂಡತಿಯೊಡನೆ ಚರ್ಚಿಸುತ್ತಾನೆ, ಸೊಗಸಾಗಿದೆಯೆಂದು ಚಿತ್ರ ತೆಗೆಯುತ್ತಾನೆ. ಅಷ್ಟರಲ್ಲಿ ಅಪರಾಧವೂ ನಡೆದುಹೋಗಿರುತ್ತದೆ.

ವ್ಯಾಕರಣದವರು ವಾಚ್ಯಾರ್ಥ, ಲಕ್ಷ್ಯಾರ್ಥ ಎಂದು ವಿಂಗಡಿಸುವುದುಂಟು. ಹಲಗೆಯ ವಾಚ್ಯಾರ್ಥ ಊರ ಹೆಸರು. ಅದರ ಲಕ್ಷ್ಯಾರ್ಥ, ಈ ಹೆಸರಿನ ಹಿಂದೆ ಮನುಷ್ಯರು ವಾಸವಾಗಿದ್ದಾರೆ, ನಿಧಾನಿಸು ಎಂಬುದು. ದಂಡ ಬಿದ್ದುದು ಈ ಎರಡನೆಯ ಅರ್ಥ ತಿಳಿಯದ ನಿರಕ್ಷರತೆಗೆ.

ನನ್ನ ಸೋದರಳಿಯನನ್ನು ಪೂರ್ತಿಯಾಗಿ ದೂಷಿಸುವಂತೆಯೂ ಇಲ್ಲ. ಅವನು ವಾಹನ ನಡೆಸಲು ಕಲಿತ ನಾಡಿನಲ್ಲಿ ಊರ ಹೆಸರಿಗೆ ಆ ಅಧಿಕಾರವಿಲ್ಲ. ನಮ್ಮಲ್ಲಿ ಆ ಅಧಿಕಾರ ಇರುವುದು ಹಂಪಿಗೆ. ಹೆದ್ದಾರಿಯಲ್ಲಿ ಒಂದು ಮಗುವೋ ಎಮ್ಮೆಯೋ ವಾಹನಕ್ಕೆ ಸಿಕ್ಕ ಮರುದಿನ ಊರವರೇ ಸೇರಿ ರಾತ್ರೋರಾತ್ರಿ ಮಣ್ಣು ಜಲ್ಲಿ ಸುರಿದು ಒಂದು ದಿಬ್ಬ ಎಬ್ಬಿಸುತ್ತಾರೆ, ಬಣ್ಣವಿಲ್ಲ, ಸೂಚನೆಯಿಲ್ಲ. ಅದು ಕಾನೂನಿಗೆ ಒಪ್ಪಿತವಲ್ಲ, ಎಷ್ಟೋ ಬೈಕಿನವರ ಪ್ರಾಣವನ್ನೂ ತೆಗೆದಿದೆ. ಆದರೆ ಅದು ಹೇಳುವ ಮಾತು ಟಸ್ಕನಿಯ ಬಿಳಿಯ ಹಲಗೆ ಹೇಳುವುದಕ್ಕಿಂತ ಬೇರೆಯಲ್ಲ. ಅಲ್ಲಿ ಕಣ್ಣಿಗೆ ಹೇಳುವುದನ್ನು ಇಲ್ಲಿ ಬೆನ್ನುಮೂಳೆಗೆ ಹೇಳುತ್ತಾರೆ. ಬೆನ್ನಿನಿಂದ ಓದಿ ಅಭ್ಯಾಸವಾದವನಿಗೆ ಕಣ್ಣಿನ ಓದು ತಟ್ಟನೆ ಹತ್ತುವುದಿಲ್ಲ.

ಅದರ ಜೊತೆಗೆ ಇನ್ನೂ ಕೆಲವು ತೊಡಕುಗಳುಂಟು. ನಮ್ಮಲ್ಲಿ ರಸ್ತೆಯ ಎಡಬದಿ, ಅಲ್ಲಿ ಬಲಬದಿ. ಮೊದಲ ಎರಡು ದಿನ ಚಾಲಕನ ಬುದ್ಧಿಯೆಲ್ಲ ಆ ಒಂದು ವಿಷಯಕ್ಕೇ ಖರ್ಚಾಗುತ್ತದೆ. ಇಟಲಿಯ ದೊಡ್ಡ ಹೆದ್ದಾರಿಯಲ್ಲಿ 130 ಮಿತಿ, ಮಳೆ ಬರುತ್ತಿದ್ದರೆ 110. ಸಾಧಾರಣ ಹೊರ ರಸ್ತೆಯಲ್ಲಿ 90, ಊರೊಳಗೆ 50. ಹೆದ್ದಾರಿಯಲ್ಲಿ ಒಂದು ಗಂಟೆಯ ಕಾಲ 130ರಲ್ಲಿ ಬಂದವನಿಗೆ 68 ಎಂಬುದು ನಡಿಗೆಯೆಂದೇ ತೋರುತ್ತದೆ. ಕಣ್ಣು ಹೀಗೆ ಮೋಸ ಹೋಗುವುದರಿಂದಲೇ ವೇಗವನ್ನು ಕಣ್ಣಿಗೆ ಬಿಡದೆ ಕಾನೂನಿಗೆ ವಹಿಸಿರುವುದು. ಗಂಟೆಗೆ 50 ಎಂದರೆ ಸೆಕೆಂಡಿಗೆ ಸುಮಾರು 14 ಮೀಟರು. 68 ಎಂದರೆ ಸುಮಾರು 19. ಎದುರಿಗೆ ಏನೋ ಬಂತೆಂದು ಕಂಡು ಕಾಲು ಬ್ರೇಕಿನ ಮೇಲೆ ಹೋಗುವ ಮುನ್ನ ಕಳೆಯುವ ಒಂದು ಸೆಕೆಂಡಿನಲ್ಲಿಯೇ ಕಾರು ಐದು ಮೀಟರು ಹೆಚ್ಚು ಮುಂದೆ ಹೋಗಿರುತ್ತದೆ. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವು ತರುವ ಅಪಘಾತದ ಸಂಭವ ನೂರಕ್ಕೆ ನಾಲ್ಕು ಪಾಲು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಿಂದಿನ ಕಾಲದ ನಮ್ಮ ಪ್ರವಾಸಕಥನಗಳನ್ನು ಓದಿದವರಿಗೆ ಒಂದು ಮಾತು ನೆನಪಿಗೆ ಬರಬಹುದು. ಅವುಗಳಲ್ಲಿ ಲೇಖಕ ಸಾಮಾನ್ಯವಾಗಿ ಪ್ರಯಾಣಿಕ. ಹಡಗಿನಲ್ಲಿ, ರೈಲಿನಲ್ಲಿ, ಮಿತ್ರರ ಕಾರಿನ ಹಿಂದಿನ ಆಸನದಲ್ಲಿ ಕುಳಿತವನು. ನೋಡುವುದು ಅವನ ಕೆಲಸ, ನಡೆಸುವುದು ಬೇರೆಯವರದು. ಆ ದೇಶದ ಕಾನೂನಿಗೂ ಅವನಿಗೂ ಸಂಬಂಧ ಬರುತ್ತಿದ್ದುದು ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತುವಾಗ ಮಾತ್ರ. ಈಗಿನ ಪ್ರವಾಸಿ ಸ್ಟೀರಿಂಗ್ ಹಿಡಿದಿದ್ದಾನೆ. ಊರಿನ ಸಾರಿಗೆ ಕಚೇರಿಯಲ್ಲಿ ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದು, ವಿಮಾನ ಇಳಿದ ಅರ್ಧ ಗಂಟೆಯಲ್ಲಿ ಬೀಗದ ಕೈ ಇಸಿದುಕೊಂಡು, ಆ ದೇಶದ ರಸ್ತೆಯಲ್ಲಿ ಅಲ್ಲಿಯವರಿಗೆ ಸರಿಸಮನಾಗಿ ಹೊರಡುತ್ತಾನೆ. ನೆಂಟನ ಸ್ಥಾನ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಒಂದು ಟನ್ನಿಗೆ ಮೀರಿದ ಉಕ್ಕು ಇರುವವನನ್ನು ಯಾವ ದೇಶವೂ ಬರಿಯ ನೆಂಟನೆಂದು ನೋಡಲಾರದು.

ಹಾಗಾದರೆ ಒಂಬತ್ತು ತಿಂಗಳು ಏಕೆ ಬೇಕಾಯಿತು? ರಸ್ತೆಯ ಬದಿಯ ಯಂತ್ರಕ್ಕೆ ತಿಳಿಯುವುದು ಕಾರಿನ ನಂಬರು ಒಂದೇ. ನಂಬರಿನಿಂದ ಒಡೆಯ ಯಾರೆಂದು ಹುಡುಕಿದರೆ ಬಾಡಿಗೆಯ ಕಂಪೆನಿ. ಪೊಲೀಸರು ಕಂಪೆನಿಗೆ ಬರೆಯಬೇಕು. ಕಂಪೆನಿ ತನ್ನ ಪುಸ್ತಕ ನೋಡಿ, ಆ ದಿನ ಆ ಕಾರು ಇಂಥವರ ಬಳಿ ಇತ್ತೆಂದು ತಿಳಿಸಬೇಕು. ಆಮೇಲೆ ಸಮುದ್ರದಾಚೆಗೆ ರಿಜಿಸ್ಟರ್ಡ್ ಅಂಚೆ. ಇಟಲಿಯಲ್ಲಿ ವಾಸವಾಗಿರುವವರಿಗೆ ನೋಟೀಸು 90 ದಿನಗಳೊಳಗೆ ಹೋಗಬೇಕು, ಪರದೇಶದವರಿಗೆ 360 ದಿನಗಳ ಅವಕಾಶ. ಇದರ ನಡುವೆ ಕಂಪೆನಿ ಹೆಸರು ತಿಳಿಸಿದ ಶ್ರಮಕ್ಕೆಂದು ಪ್ರವಾಸಿಯ ಕ್ರೆಡಿಟ್ ಕಾರ್ಡಿನಿಂದ ಒಂದು ಶುಲ್ಕ ಕಿತ್ತುಕೊಂಡಿರುತ್ತದೆ. ಅದೇ ದಂಡವೆಂದು ತಿಳಿದು, ತೀರಿತೆಂದು ನೆಮ್ಮದಿಯಾಗಿರುವವರೇ ಹೆಚ್ಚು. ಅದು ದಂಡವಲ್ಲ, ದಂಡದ ವಿಳಾಸ ಬರೆದುಕೊಟ್ಟುದರ ಕೂಲಿ. ನನ್ನ ಸೋದರಳಿಯನ ಲೆಕ್ಕದಿಂದಲೂ ಜುಲೈ ತಿಂಗಳಲ್ಲಿ ನಲವತ್ತು ಚಿಲ್ಲರೆ ಯೂರೋ ಹೋಗಿತ್ತು. ಒಂದು ಹೆಸರನ್ನು ನಕಲು ಮಾಡಿ ಕಳುಹಿಸುವುದಕ್ಕೆ ಇದು ಅತಿಯಾದ ಕೂಲಿ ಎಂದೇ ನನ್ನ ಎಣಿಕೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರಿಗೆ ಈ ದರ ಸಿಕ್ಕಿದ್ದರೆ ನಮ್ಮ ವರ್ಗದವರು ಎಂದೋ ಉದ್ಧಾರವಾಗುತ್ತಿದ್ದರು.

ತಪ್ಪು ಒಡೆಯನದೋ ಸಾರಥಿಯದೋ ಎಂಬ ಈ ವಿಚಾರ ಹೊಸದೇನೂ ಅಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅಪಘಾತಗಳನ್ನು ಕುರಿತ ಕೆಲವು ಶ್ಲೋಕಗಳಿವೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚೋ ಚಕ್ರವೋ ಮುರಿದರೆ, ದಾರಿ ಬಿಡಿರೆಂದು ಕೂಗಿ ಎಚ್ಚರಿಸಿದ್ದರೆ ದಂಡವಿಲ್ಲ. ಸಾರಥಿ ಅಕುಶಲನಾಗಿದ್ದು ಅದರಿಂದ ಹಾನಿಯಾದರೆ ದಂಡ ಒಡೆಯನಿಗೆ, 200 ಪಣ. ಸಾರಥಿ ಕುಶಲನಾಗಿದ್ದೂ ಹಾನಿ ಮಾಡಿದರೆ ದಂಡ ಸಾರಥಿಗೆ. ಬಲ್ಲವನು ತಪ್ಪಿದರೆ ಅವನೇ ಹೊಣೆ, ಬಲ್ಲದವನ ಕೈಗೆ ಗಾಡಿ ಕೊಟ್ಟವನು ಅದಕ್ಕೆ ಹೊಣೆ ಎಂಬ ತರ್ಕ. ಇದರಲ್ಲಿ ಇಂದಿಗೂ ಒಂದು ತಿರುಳಿದೆ. ಊರ ಹಲಗೆಯ ಅರ್ಥ ತಿಳಿಯದವನಿಗೆ, ತಿಳಿದಿದೆಯೇ ಎಂದು ಒಂದು ಮಾತು ಕೇಳದೆ, ವಿಮೆಯ ಕಾಗದಗಳನ್ನು ಮಾತ್ರ ಹತ್ತು ಬಾರಿ ತೋರಿಸಿ ಬೀಗದ ಕೈ ಕೊಡುವ ವ್ಯಾಪಾರಿಯ ಹೊಣೆ ಏನು? ಮನುವಿನ ನ್ಯಾಯಪೀಠದಲ್ಲಿ ಅವನು ಅಷ್ಟು ಸುಲಭವಾಗಿ ಕೂಲಿ ಎಣಿಸಿಕೊಂಡು ಹೋಗುತ್ತಿರಲಿಲ್ಲ. ಮತ್ತೆ, ಆ ಶಾಸ್ತ್ರ ದಂಡಿಸುವುದು ಹಾನಿಯಾದ ಮೇಲೆ. ಹಾನಿಯಾಗದಿದ್ದರೂ, ಆಗಬಹುದಾಗಿತ್ತೆಂಬ ಕಾರಣಕ್ಕೆ ದಂಡಿಸುವುದು ಮೋಟಾರಿನ ಯುಗದ ಮಾತು.

ಆ ಯುಗದ ಮೊದಲ ದಂಡ ಬಿದ್ದುದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬಲ್ಲಿ, 1896ರ ಜನವರಿ 28ರಂದು. ಗಂಟೆಗೆ 2 ಮೈಲಿ ಮಿತಿಯಿದ್ದ ಬೀದಿಯಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ 8 ಮೈಲಿ ವೇಗದಲ್ಲಿ ಹೋದ. ಪೊಲೀಸಿನವನು ಸೈಕಲ್ಲು ತುಳಿದು ಅಟ್ಟಿಸಿಕೊಂಡು ಹೋಗಿ ಹಿಡಿದ. ವೇಗಕ್ಕೆ ಹಾಕಿದ ದಂಡ ಒಂದು ಷಿಲ್ಲಿಂಗು. ಅಂದು ಹಿಡಿದವನಿಗೂ ಸಿಕ್ಕವನಿಗೂ ಮುಖಾಮುಖಿಯಿತ್ತು, ಇಬ್ಬರೂ ಏದುಸಿರು ಬಿಟ್ಟಿರಬೇಕು. ಆ ಮುಖಾಮುಖಿಯನ್ನು ತೆಗೆದುಹಾಕಿದ ಯಂತ್ರದ ಕಥೆ ಇನ್ನೂ ಸ್ವಾರಸ್ಯವಾದುದು. ಮಾರಿಟ್ಸ್ ಗಾಟ್ಸೊನಿಡೆಸ್ ಎಂಬ ಡಚ್ ಪಂದ್ಯಗಾರ, 1953ರ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದವನು, ತಿರುವುಗಳಲ್ಲಿ ತನ್ನ ಕಾರಿನ ವೇಗವನ್ನು ಅಳೆದು ಅದನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಬೇಕೆಂದು ಒಂದು ಸಾಧನ ಮಾಡಿದ. 1958ರಲ್ಲಿ ಅದಕ್ಕಾಗಿ ಒಂದು ಕಂಪೆನಿಯೂ ಆಯಿತು. ಮುಂದೆ ಜಗತ್ತಿನ ರಸ್ತೆಗಳಲ್ಲಿ ಪೊಲೀಸರ ಕಣ್ಣಾದುದು ಅದೇ ಮನೆತನದ ಕ್ಯಾಮೆರಾ. ಹೆಚ್ಚು ಓಡಲೆಂದು ಕಟ್ಟಿದುದು ಓಡುವವರನ್ನು ಹಿಡಿಯುವುದಕ್ಕೆ ಒದಗಿತು.

ಇಟಲಿಯ ಹೆದ್ದಾರಿಯಲ್ಲಿ 2005ರಿಂದ ಬಂದಿರುವ ಏರ್ಪಾಡು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಂದು ಕಮಾನಿನ ಕೆಳಗೆ ಹೋದ ಕಾರಿನ ನಂಬರನ್ನೂ ಕಾಲವನ್ನೂ ಬರೆದುಕೊಂಡು, ಹಲವು ಕಿಲೋಮೀಟರುಗಳಾಚೆಯ ಇನ್ನೊಂದು ಕಮಾನಿನಲ್ಲಿ ಮತ್ತೆ ಬರೆದುಕೊಂಡು, ನಡುವಣ ಸರಾಸರಿ ವೇಗವನ್ನು ಲೆಕ್ಕ ಹಾಕುತ್ತದೆ. ಕ್ಯಾಮೆರಾದ ಮುಂದೆ ಮಾತ್ರ ಸಾಧುವಾಗಿ, ಆಮೇಲೆ ಹಾರಿಹೋಗುವ ಜಾಣತನ ಇದರ ಮುಂದೆ ನಡೆಯದು. ಇದಕ್ಕೆ ಅವರು ಇಟ್ಟಿರುವ ಹೆಸರು ‘ಟ್ಯೂಟರ್’. ಉಪಾಧ್ಯಾಯ ವೃತ್ತಿಯವನಾದ ನನಗೆ ಈ ಹೆಸರು ಹೆಮ್ಮೆಯನ್ನೂ ಸ್ವಲ್ಪ ಮುಜುಗರವನ್ನೂ ತಂದಿತು.

ಇಷ್ಟೆಲ್ಲ ಏರ್ಪಾಡು ನಿಜವಾಗಿ ಪ್ರಾಣರಕ್ಷಣೆಗೋ ಬೊಕ್ಕಸ ತುಂಬುವುದಕ್ಕೋ ಎಂದು ಪ್ರವಾಸಿಗರು ಗೊಣಗುವುದುಂಟು. ಆ ಗೊಣಗಾಟ ಪ್ರವಾಸಿಗರದು ಮಾತ್ರವಲ್ಲ, ಇಟಲಿಯವರದೇ ಹೆಚ್ಚು. 2023 ಮತ್ತು 2024ರಲ್ಲಿ ಉತ್ತರ ಇಟಲಿಯಲ್ಲಿ ಯಾರೋ ಅಜ್ಞಾತರು ರಾತ್ರಿ ಹೊತ್ತು ಬಂದು ಕಬ್ಬಿಣ ಕೊಯ್ಯುವ ಯಂತ್ರದಿಂದ ಕ್ಯಾಮೆರಾ ಕಂಬಗಳನ್ನು ಕತ್ತರಿಸಿ ಕೆಡವುತ್ತ ಹೋದರು. ‘ಫ್ಲೆಕ್ಸಿಮನ್’ ಎಂದು ಹೆಸರಿಟ್ಟು ಜನ ಅವನನ್ನು ಲಾವಣಿಯ ನಾಯಕನನ್ನಾಗಿ ಮಾಡಿಕೊಂಡರು. ಅದೇ ಕಾಲಕ್ಕೆ ನ್ಯಾಯಾಲಯದಿಂದಲೂ ಒಂದು ಪೆಟ್ಟು ಬಿತ್ತು. ಟ್ರೆವಿಸೊ ಪಟ್ಟಣದ ವರ್ತುಲ ರಸ್ತೆಯಲ್ಲಿ 90ರ ಮಿತಿಯನ್ನು ಕೆಲವೇ ಕಿಲೋಮೀಟರು ಮೀರಿದ ಚಾಲಕನೊಬ್ಬ ದಂಡವನ್ನು ಪ್ರಶ್ನಿಸಿದ. ಕಾನೂನಿನಲ್ಲಿ ಯಂತ್ರಕ್ಕೆ ‘ಓಮೊಲೊಗಾತ್ಸಿಯೋನೆ’ ಆಗಿರಬೇಕೆಂದಿದೆ. ಅಲ್ಲಿದ್ದ ಯಂತ್ರಕ್ಕೆ ಆಗಿದ್ದುದು ‘ಅಪ್ರೊವಾತ್ಸಿಯೋನೆ’. ಒಂದು, ಅಳತೆ ಖಚಿತವೆಂದು ಪರೀಕ್ಷಿಸಿ ಪ್ರಮಾಣೀಕರಿಸುವುದು. ಇನ್ನೊಂದು, ಬರಿಯ ಅನುಮೋದನೆ. ಎರಡೂ ಒಂದೇ ಎಂಬುದು ಸರಕಾರಿ ಪಕ್ಷದ ವಾದ. ಒಂದಲ್ಲವೆಂದು ದೇಶದ ಉಚ್ಚತಮ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಸಮಾನಾರ್ಥಕ ಪದಗಳೆಂದು ಪಟ್ಟಿ ಮಾಡಿಸುವ ನಮ್ಮ ಪರೀಕ್ಷಾ ಪದ್ಧತಿಗೆ ಈ ತೀರ್ಪನ್ನು ಪಠ್ಯವಾಗಿ ಇಡಬಹುದು.

ನನ್ನ ಮಟ್ಟಿಗೆ, ಆಳುವವರು ಅಳೆಯುವ ಕೋಲು ನೆಟ್ಟಗಿರಬೇಕೆಂದು ಕೇಳುವುದು ಪ್ರಜೆಯ ಹಕ್ಕು, ಪರದೇಶಿಯ ಹಕ್ಕೂ ಹೌದು. ಕ್ಯಾಮೆರಾ ಇರುವುದನ್ನು ಮೊದಲೇ ಹಲಗೆ ಹಾಕಿ ತಿಳಿಸಬೇಕು, ಅದು ಕಣ್ಣಿಗೆ ಕಾಣುವಂತಿರಬೇಕು ಎಂದು ಇಟಲಿಯ ಕಾನೂನೇ ವಿಧಿಸುತ್ತದೆ. ಪೊದೆಯ ಹಿಂದೆ ಅಡಗಿದ ಯಂತ್ರ ಬೇಟೆಗಾರನದು, ಆಡಳಿತದ್ದಲ್ಲ. ಆದರೆ ಕೋಲು ಡೊಂಕಾಗಿದೆಯೆಂಬ ವಾದದಿಂದ ವೇಗ ಕಡಿಮೆಯಾಗುವುದಿಲ್ಲ.

ಮುಖವಿಲ್ಲದ ಈ ದಂಡಕ್ಕೆ ಎದುರಾಗಿ ಅಮೆರಿಕೆಯ ದಂಡ ಇಂದಿಗೂ ಬಹುಮಟ್ಟಿಗೆ ಮುಖಾಮುಖಿಯದು. ಅಲ್ಲಿ ಮಕ್ಕಳಿರುವ ಕನ್ನಡಿಗರ ಮನೆಗಳು ಈಗ ಒಂದೆರಡಲ್ಲ; ಹೋಗಿಬಂದ ತಂದೆತಾಯಿಗಳಿಂದ ಇಂಥ ಒಂದಾದರೂ ಕಥೆ ಕೇಳಿಬರುತ್ತದೆ. ಹಿಂದಿನಿಂದ ಕೆಂಪು ನೀಲಿ ದೀಪ ಮಿನುಗುತ್ತ ಪೊಲೀಸ್ ಕಾರು ಬರುತ್ತದೆ. ಬಲಕ್ಕೆ ಸರಿದು ನಿಲ್ಲಿಸಬೇಕು. ಅಲ್ಲಿಂದ ಮುಂದೆ ನಮ್ಮ ಸಂಸ್ಕಾರ ನಮಗೇ ಮುಳುವಾಗುತ್ತದೆ. ಅಧಿಕಾರಿ ಬಂದಾಗ ಕುಳಿತೇ ಇರುವುದು ನಮ್ಮಲ್ಲಿ ಅವಿನಯ. ಕೆಳಗಿಳಿದು, ಎರಡು ಹೆಜ್ಜೆ ಎದುರು ಹೋಗಿ, “ಸಾರ್, ಗೊತ್ತಾಗಲಿಲ್ಲ” ಎನ್ನುವುದು ಮರ್ಯಾದೆ. ಅಲ್ಲಿ ಇಳಿದರೆ ಅದು ಬೆದರಿಕೆಯೆಂದು ಅರ್ಥವಾಗುತ್ತದೆ. ಕುಳಿತಲ್ಲಿಯೇ ಇದ್ದು, ಎರಡು ಕೈಗಳೂ ಕಾಣುವಂತೆ ಸ್ಟೀರಿಂಗಿನ ಮೇಲೆ ಇಟ್ಟಿರಬೇಕು. ಕಾಗದ ತೆಗೆಯಲು ಜೇಬಿಗೆ ಕೈ ಹಾಕುವ ಮುನ್ನ ಹೇಳಿ ಹಾಕಬೇಕು. ಒಂದೇ ಭಂಗಿ ಒಂದು ದೇಶದಲ್ಲಿ ವಿನಯ, ಇನ್ನೊಂದರಲ್ಲಿ ಅಪಾಯ. ಇದನ್ನು ಹೋಗುವವರಿಗೆ ಯಾರಾದರೂ ಮೊದಲೇ ಹೇಳಬೇಕು. ವರ್ಜೀನಿಯಾ ರಾಜ್ಯದ ಕಟ್ಟಳೆಯಂತೂ ಕಠಿಣ. ಮಿತಿಗಿಂತ 20 ಮೈಲಿ ಹೆಚ್ಚು, ಅಥವಾ ಮಿತಿ ಎಷ್ಟೇ ಇರಲಿ 85 ಮೈಲಿಗಿಂತ ಹೆಚ್ಚು ವೇಗದಲ್ಲಿ ಹೋದರೆ ಅದು ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಅಪರಾಧ. 2,500 ಡಾಲರುವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. 2020ಕ್ಕೆ ಮುಂಚೆ ಈ ಗೆರೆ 80 ಮೈಲಿಗೇ ಇತ್ತು. ನ್ಯಾಯಾಲಯದ ದಿನಾಂಕ ಬರುವ ಹೊತ್ತಿಗೆ ಪ್ರವಾಸಿ ತನ್ನ ಊರಿನಲ್ಲಿರುತ್ತಾನೆ. ಅಲ್ಲಿ ಓದುತ್ತಿರುವ ವಿದ್ಯಾರ್ಥಿಯಾದರೆ ಆ ದಾಖಲೆ ಅವನ ಮುಂದಿನ ವೀಸಾದ ಅರ್ಜಿಯವರೆಗೂ ಹಿಂಬಾಲಿಸಬಹುದು.

ಹಣವಂತನಿಗೂ ಬಡವನಿಗೂ ಒಂದೇ ದಂಡವಾದರೆ ಅದು ಸಮಾನತೆಯೇ? ಫಿನ್ಲೆಂಡ್ 1921ರಿಂದ ಅಲ್ಲವೆಂದೇ ನಡೆದುಕೊಂಡು ಬಂದಿದೆ. ಅಲ್ಲಿ ದೊಡ್ಡ ತಪ್ಪುಗಳಿಗೆ ದಂಡವನ್ನು ಎಣಿಸುವುದು ತಪ್ಪಿತಸ್ಥನ ದಿನದ ವರಮಾನದಿಂದ. 50ರ ಮಿತಿಯಲ್ಲಿ 75ರಲ್ಲಿ ಹೋದ ನೋಕಿಯಾ ಕಂಪೆನಿಯ ನಿರ್ದೇಶಕರೊಬ್ಬರಿಗೆ 2002ರಲ್ಲಿ ಹಾಕಿದ ದಂಡ 1,16,000 ಯೂರೋ. ಮೇಲ್ಮನವಿಯ ಬಳಿಕ ಅದು ಇಳಿಯಿತು. ಸ್ವಿಟ್ಜರ್‌ಲೆಂಡಿನಲ್ಲಿ 2010ರಲ್ಲಿ ಸುಮಾರು 290 ಕಿಲೋಮೀಟರು ವೇಗದಲ್ಲಿ ಸಿಕ್ಕಿಬಿದ್ದ ಸ್ವೀಡನ್ನಿನವನೊಬ್ಬನಿಗೆ ಅಲ್ಲಿಯ ಇಂಥದೇ ಲೆಕ್ಕದಿಂದ ಹತ್ತು ಲಕ್ಷ ಫ್ರಾಂಕುಗಳಿಗೂ ಮೀರಿ ದಂಡ ಬೀಳಬಹುದೆಂದು ಆಗಿನ ಪತ್ರಿಕೆಗಳು ಬರೆದುವು. ಇವೆಲ್ಲ ಪತ್ರಿಕೆಗಳಿಗೆ ರಸಗವಳ. ನಮ್ಮ ಸಾಧಾರಣ ಪ್ರವಾಸಿಯ ಪಾಡು 173 ಯೂರೋದ್ದು.

ಸೋದರಳಿಯನ ಪ್ರಶ್ನೆ ಇನ್ನೂ ಉಳಿದಿದೆ, ಕಟ್ಟಬೇಕೋ ಬೇಡವೋ? ಯೂರೋಪಿನ ಒಕ್ಕೂಟದೊಳಗೆ ಒಂದು ದೇಶದ ವಾಹನ ಇನ್ನೊಂದರಲ್ಲಿ ತಪ್ಪು ಮಾಡಿದರೆ ಒಡೆಯನ ವಿವರವನ್ನು ಪರಸ್ಪರ ಒದಗಿಸಿಕೊಳ್ಳುವಂತೆ 2015ರ ಒಂದು ನಿರ್ದೇಶನವಿದೆ. ಭಾರತ ಆ ಏರ್ಪಾಡಿನ ಹೊರಗಿದೆ. ಅವನ ಸ್ನೇಹಿತರು ಹೇಳಿದ ಬುದ್ಧಿಯೂ ಅದೇ: “ಅವರು ಇಲ್ಲಿಗೆ ಬಂದು ವಸೂಲು ಮಾಡ್ತಾರಾ? ಹರಿದು ಬಿಸಾಕು.” ಬರಲಾರರು ಎಂಬುದು ಬಹುಶಃ ನಿಜ. ಆದರೂ ನಾನು ಕಟ್ಟೆಂದೇ ಹೇಳಿದೆ. ಅವನು ಅಲ್ಲಿ ಕಾರು ನಡೆಸಿದುದು ತನ್ನ ಸಾಮರ್ಥ್ಯದ ಬಲದಿಂದಲ್ಲ. ನಮ್ಮ ಸರಕಾರ ಕೊಟ್ಟ ಒಂದು ಸಣ್ಣ ಪುಸ್ತಕದ ಬಲದಿಂದ. ಇವನು ವಾಹನ ನಡೆಸಬಲ್ಲವನು, ಇವನನ್ನು ನಿಮ್ಮ ರಸ್ತೆಗೆ ಬಿಡಿ ಎಂದು ಒಂದು ದೇಶ ಇನ್ನೊಂದು ದೇಶಕ್ಕೆ ಬರೆದ ಕೈಕಾಗದ ಅದು. ಆ ಕಾಗದವನ್ನು ತೋರಿಸಿ ಬೀಗದ ಕೈ ಪಡೆದು, ಲೆಕ್ಕ ಬಂದಾಗ ಗಡಿ ತೋರಿಸುವುದು ಅವನಿಗಾಗಿ ರುಜು ಮಾಡಿದವರನ್ನು ಸುಳ್ಳುಗಾರರನ್ನಾಗಿ ಮಾಡಿದಂತೆ.

ಇಷ್ಟು ಉಪದೇಶಕ್ಕಿಂತ ಅವನ ಮನಸ್ಸಿಗೆ ನಾಟಿದುದು ನೋಟೀಸಿನ ಕೊನೆಯ ಕಂಡಿಕೆ. ತಲುಪಿದ 5 ದಿನಗಳೊಳಗೆ ಕಟ್ಟಿದರೆ ನೂರಕ್ಕೆ 30 ಸೋಡಿ, ಎಂದರೆ 121 ಯೂರೋ ಮತ್ತು ಅಂಚೆಯ ಖರ್ಚು. 60 ದಿನ ಮೀರಿದರೆ ಮೊತ್ತ ಇಮ್ಮಡಿ. ಅವನಿಗೆ ಇದು ವಿಚಿತ್ರವಾಗಿ ಕಂಡಿತು. ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ 2023ರ ಫೆಬ್ರುವರಿಯಲ್ಲಿ, ವರ್ಷಗಳಿಂದ ಕಟ್ಟದೆ ಉಳಿದಿದ್ದ ಸಂಚಾರದ ದಂಡಗಳಿಗೆ ನೂರಕ್ಕೆ 50 ರಿಯಾಯಿತಿ ಘೋಷಿಸಿದರು, 2025ರಲ್ಲಿ ಮತ್ತೊಮ್ಮೆ. ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ಕಟ್ಟಿದರು, ಬಾಕಿಯೂ ವಸೂಲಾಯಿತು. ಸರಕಾರದ ಕಷ್ಟ ಸರಕಾರಕ್ಕೆ. ಆದರೆ ಒಂದು ಕಡೆ ಬೇಗ ಕಟ್ಟಿದವನಿಗೆ ಸೋಡಿ, ಇನ್ನೊಂದು ಕಡೆ ತಡೆದವನಿಗೆ. ಸಿಕ್ಕ ದಿನವೇ ದಂಡ ಕಟ್ಟಿದ ಪ್ರಾಮಾಣಿಕನೊಬ್ಬ ನಮ್ಮ ಕಾಲೇಜಿನ ಗುಮಾಸ್ತರ ಕೊಠಡಿಯಲ್ಲಿ ಆ ಫೆಬ್ರುವರಿಯಲ್ಲಿ ಪಟ್ಟ ಸಂಕಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೋದರಳಿಯ ನಾಲ್ಕನೆಯ ದಿನ ಬ್ಯಾಂಕಿನ ಮೂಲಕ ಹಣ ಕಳುಹಿಸಿದ. ಬ್ಯಾಂಕು ತನ್ನ ಪಾಲನ್ನು ಬೇರೆ ತೆಗೆದುಕೊಂಡಿತು.

ದಂಡ ಕಟ್ಟುವವನ ಕಥೆಯನ್ನು ಇಷ್ಟು ಹೇಳಿದ ಮೇಲೆ ಹಲಗೆಯ ಆಚೆಗಿರುವವರ ಕಥೆಯನ್ನೂ ಹೇಳಬೇಕು. ಇಟಲಿಯ ವಾಯವ್ಯದ ಲಿಗೂರಿಯಾ ಪ್ರಾಂತದಲ್ಲಿ ಅಕ್ವೇತಿಕೊ ಎಂಬ ಹಳ್ಳಿಯಿದೆ. ಇರುವ ಜನ ಸುಮಾರು 120, ಬಹುಮಂದಿ ವೃದ್ಧರು. ಪಿಯೆಮೊಂತೆಯ ಬಯಲಿನಿಂದ ಕಡಲತೀರಕ್ಕೆ ಇಳಿಯುವ ರಸ್ತೆ ಆ ಊರಿನ ಮನೆಗಳ ನಡುವೆಯೇ ಹಾದುಹೋಗುತ್ತದೆ, ಮಿತಿ 50. ಊರವರು ದೂರಿ ದೂರಿ ಸಾಕಾಗಿ, 2018ರಲ್ಲಿ ಅಲ್ಲಿಯ ಆಡಳಿತ ಪರೀಕ್ಷಾರ್ಥವಾಗಿ ಎರಡು ವಾರ ವೇಗಮಾಪಕವನ್ನು ಇರಿಸಿತು. ಹದಿನಾಲ್ಕು ದಿನಗಳಲ್ಲಿ ಯಂತ್ರ ಬರೆದುಕೊಂಡ ಮಿತಿಯುಲ್ಲಂಘನೆಗಳು 58,568. ಒಬ್ಬಾತ ಆ ಮನೆಗಳ ನಡುವೆ 135 ಕಿಲೋಮೀಟರು ವೇಗದಲ್ಲಿ ಹೋಗಿದ್ದ. ಹಗಲಿರುಳೂ ಸೇರಿಸಿ ಭಾಗಿಸಿದರೆ ಇಪ್ಪತ್ತೊಂದು ಸೆಕೆಂಡಿಗೆ ಒಬ್ಬ. ಮಿತಿಯೊಳಗೆ ಹೋದವರು ಈ ಲೆಕ್ಕಕ್ಕೆ ಸೇರಿಲ್ಲ. ರಸ್ತೆಯ ಈಚೆಯ ಮನೆಯಿಂದ ಆಚೆಯ ಮನೆಗೆ ದಾಟಬೇಕಾದ ಮುದುಕಿಗೆ ಸಿಗುವ ಬಿಡುವು ಅಷ್ಟು.